ಹಿಂಬದಿಯ ನಾಲ್ಕು ತೂತು

ಎಂಜಿನ್ ಸ್ಟಾರ್ಟ್ ಮಾಡಿದರೆ ಹಿಂಬದಿ ಹಲಗೆಯೇ ಅಲುಗಾಡುತ್ತದೆ ಎಂದು ಗಂಗೊಳ್ಳಿ ಕಡೆಯ ಹುಡುಗನೊಬ್ಬ ತನ್ನ ಫೈಬರ್ ದೋಣಿಯನ್ನು ನಮ್ಮ ಶೆಡ್ಡಿಗೆ ತಂದಿದ್ದ. ಹೊರಗಿನಿಂದ ನೋಡಿದರೆ ಒಂದು ಬಿರುಕೂ ಇಲ್ಲ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದೆ. ಮೇಲೆ ಗಟ್ಟಿ ಸದ್ದು, ಕೆಳಗೆ ಮೀನು ಹುಡುಕುವ ಯಂತ್ರದ ಸೆನ್ಸರ್ ಕೂತಿದ್ದ ಜಾಗದ ಸುತ್ತ ಮಾತ್ರ ಡಬ್ ಡಬ್ ಎಂಬ ಸತ್ತ ಸದ್ದು. ಅಲ್ಲಿನ ನಾಲ್ಕು ಸ್ಕ್ರೂಗಳಲ್ಲಿ ಒಂದನ್ನು ಬಿಚ್ಚಿದೆ. ಚಹಾ ಬಣ್ಣದ ನೀರು ಸಣ್ಣ ದಾರದಂತೆ ಇಳಿಯಿತು. ತೂತಿಗೆ ಸ್ಕ್ರೂಡ್ರೈವರ್ ತುರುಕಿದರೆ ಯಾವ ತಡೆಯೂ ಇಲ್ಲದೆ ಒಳಗೆ ಹೋಯಿತು. ತುದಿಗೆ ಅಂಟಿಕೊಂಡು ಬಂದದ್ದು ಮರವಲ್ಲ, ನೆನೆದ ಅವಲಕ್ಕಿ.

"ಅಣ್ಣ, ಸಣ್ಣ ನಾಲ್ಕು ಸ್ಕ್ರೂ ಅಲ್ವಾ? ಅದ್ರಲ್ಲಿ ಎಷ್ಟು ನೀರು ಹೋಗ್ತದೆ?" ಎಂದು ಕೇಳಿದ. ಹೋಗುವುದು ಕಡಿಮೆಯೇ. ಆದರೆ ಹೋದದ್ದು ಹೊರಗೆ ಬರುವುದಿಲ್ಲ.

ನಮ್ಮ ಫೈಬರ್ ದೋಣಿಗಳಲ್ಲಿ ಎಂಜಿನ್ ಹೊರುವ ಹಿಂಬದಿ ಬರೀ ಫೈಬರ್ ಅಲ್ಲ. ಸಾಮಾನ್ಯವಾಗಿ ಒಳಗೆ ಎರಡು ಮೂರು ಪದರ ಪ್ಲೈವುಡ್, ಅದರ ಎರಡೂ ಬದಿಗೆ ಗಾಜಿನ ನಾರಿನ ಮ್ಯಾಟ್ ಮತ್ತು ಅದನ್ನು ಗಟ್ಟಿಯಾಗಿ ಹಿಡಿಸುವ ರೆಸಿನ್. ಆ ಹೊದಿಕೆ ಮುಚ್ಚಿರುವಷ್ಟು ದಿನ ಮರ ಒಣಗಿಯೇ ಇರುತ್ತದೆ. ಡ್ರಿಲ್ ಹಾಕಿದ ಗಳಿಗೆಯಲ್ಲಿ ಮರದ ಎಳೆಗಳ ಬಾಯಿ ತೆರೆಯುತ್ತದೆ, ಬತ್ತಿ ಎಣ್ಣೆ ಎಳೆದ ಹಾಗೆ ನೀರು ಎಳೆಯುತ್ತದೆ. ಎರಡೂ ಕಡೆ ಫೈಬರ್ ಇರುವುದರಿಂದ ಅದು ಆರಿಹೋಗಲು ದಾರಿಯೇ ಇಲ್ಲ. ಮೆರೈನ್ ಪ್ಲೈ ಹಾಕಿಸಿದ್ದೇವೆ ಎಂದು ಹಲವರು ಧೈರ್ಯದಲ್ಲಿರುತ್ತಾರೆ. ಮೆರೈನ್ ಪ್ಲೈಗೆ ಇರುವ ಭಾರತೀಯ ಮಾನಕ ಐಎಸ್ 710ರ ಗುರುತಿನ ಪ್ಲೈವುಡ್ಡಿನ 72 ಗಂಟೆ ಕುದಿಸುವ ಪರೀಕ್ಷೆ ನೋಡುವುದು ಪದರಗಳ ಅಂಟು ಬಿಡುತ್ತದೆಯೇ ಎಂಬುದನ್ನು. ವರ್ಷಗಟ್ಟಲೆ ನೀರು ಕುಡಿದು ಕೂತ ಮರ ಕೊಳೆಯುವುದಿಲ್ಲ ಎಂಬ ಭರವಸೆ ಅದರಲ್ಲಿಲ್ಲ.

ಒಳಗೆ ನಿಂತ ಈ ನೀರು ಬೋಲ್ಟಿನ ಸ್ಟೀಲಿಗೂ ಒಳ್ಳೆಯದಲ್ಲ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ತಡೆಯುವ ತನ್ನ ಮೇಲಿನ ತೆಳು ಪದರವನ್ನು ಕಾಪಾಡಿಕೊಳ್ಳಲು ಆಮ್ಲಜನಕ ಬೇಕು. ಉಪ್ಪುನೀರು ನಿಂತ ಮರದೊಳಗೆ ಅದು ಸಿಗುವುದಿಲ್ಲ. ತಲೆ ಮತ್ತು ನಟ್ ಫಳಫಳ ಹೊಳೆಯುತ್ತಿದ್ದು, ನಡುವೆ ಮಾತ್ರ ಇಲಿ ಕಡಿದಂತೆ ಸವೆದ ಬೋಲ್ಟುಗಳನ್ನು ನಾನು ಬೇಕಾದಷ್ಟು ಬಿಚ್ಚಿದ್ದೇನೆ.

ಹೆಚ್ಚಿನವರು ತೂತಿಗೆ ಸೀಲೆಂಟ್, ಅಂದರೆ ನೀರು ತಡೆಯುವ ರಬ್ಬರಿನಂಥ ಅಂಟು, ಹಿಂಡಿ ಸ್ಕ್ರೂ ತಿರುಗಿಸಿ ಕೆಲಸ ಮುಗಿಯಿತು ಅನ್ನುತ್ತಾರೆ. ಎಂಜಿನ್ ಅದುರುವಿಕೆಗೆ, ಬಿಸಿಲಿಗೆ ಸೀಲೆಂಟ್ ಎಂದಾದರೂ ಒಂದು ದಿನ ಬಿಡುವುದೇ. ಅವತ್ತು ನೀರಿಗೆ ಮರ ಸಿಗಬಾರದು. ಹಾಗಾಗಿ ನಾನು ಮೊದಲು ಮರಕ್ಕೆ ಗೋಡೆ ಕಟ್ಟುತ್ತೇನೆ. 6 ಮಿ.ಮೀ. ಬೋಲ್ಟ್ ಬೇಕಾದಲ್ಲಿ 12 ಮಿ.ಮೀ. ತೂತು ಕೊರೆದು, ಒಂದು ಬದಿಗೆ ಟೇಪ್ ಅಂಟಿಸಿ, ಮೊದಲು ತೆಳು ಎಪಾಕ್ಸಿಯನ್ನು (ಎರಡು ಭಾಗ ಕಲಸಿದರೆ ಗಟ್ಟಿಯಾಗುವ ರೆಸಿನ್) ಬ್ರಷ್‌ನಿಂದ ಮರಕ್ಕೆ ಕುಡಿಸುತ್ತೇನೆ. ಆಮೇಲೆ ಅದೇ ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ, ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿ, ಗಾಳಿ ಉಳಿಯದಂತೆ ತುಂಬುವುದು. ಮರುದಿನ ಅದರ ಸರಿ ನಡುವೆ 6 ಮಿ.ಮೀ. ತೂತು. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ, ಮೂರು ಮಿ.ಮೀ. ದಪ್ಪದ ಎಪಾಕ್ಸಿ ಕೊಳವೆ ಇದೆ. ಸ್ಕ್ರೂ ಆದರೂ ಇದೇ ಕ್ರಮ. ಆದರೆ ಎಪಾಕ್ಸಿಯಲ್ಲಿ ಅದರ ಅಳತೆಗೆ ತಕ್ಕ ಸಣ್ಣ ತೂತು ಮೊದಲೇ ಕೊರೆದಿರಬೇಕು, ಇಲ್ಲದಿದ್ದರೆ ಸ್ಕ್ರೂವೇ ಮುರಿಯುತ್ತದೆ.

ಎಪಾಕ್ಸಿ ಕಲಸುವಾಗ ನಮ್ಮವರು ಮಾಡುವ ತಪ್ಪೊಂದಿದೆ. ಮಾಮೂಲಿ ಪಾಲಿಯೆಸ್ಟರ್ ರೆಸಿನ್ನಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ನಾಲ್ಕು ಹನಿ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಅದೇ ಅಭ್ಯಾಸ ಎಪಾಕ್ಸಿಗೂ ಬರುತ್ತದೆ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಎಪಾಕ್ಸಿಯಲ್ಲಿ ಎರಡೂ ಭಾಗ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಸೇರಬೇಕು. ಹಾರ್ಡನರ್ ಹೆಚ್ಚಾದರೆ ಬೇಗ ಆಗುವುದಿಲ್ಲ, ಮೆತ್ತಗೆ ಉಳಿಯುತ್ತದೆ. ಕಣ್ಣಂದಾಜು ಬಿಡಿ, ಅಡುಗೆಮನೆಯ ತಕ್ಕಡಿಯಾದರೂ ಸರಿ, ತೂಗಿ.

ಸೀಲೆಂಟ್ ಹಾಕುವ ಮೊದಲು ತೂತಿನ ಬಾಯಿಯನ್ನು ಬಾಯಿ ಇಳಿಜಾರಾಗಿ ಕೊರೆಯುವ ಕೌಂಟರ್‌ಸಿಂಕ್ ಬಿಟ್‌ನಿಂದ ಸ್ವಲ್ಪ ಅಗಲಿಸಿ. ಫೈಬರಿನ ಮೇಲಿನ ನುಣುಪು ಪದರ, ಜೆಲ್‌ಕೋಟ್, ಸಿಡಿಯುವುದು ತಪ್ಪುತ್ತದೆ, ಆ ಸಣ್ಣ ಬಟ್ಟಲಲ್ಲಿ ಸೀಲೆಂಟ್ ಬಳೆಯಂತೆ ಕೂರುತ್ತದೆ. ಚಪ್ಪಟೆ ಜಾಗದಲ್ಲಿ ಬಿಗಿ ಮಾಡಿದರೆ ಅಷ್ಟೂ ಪಕ್ಕಕ್ಕೆ ಹಿಂಡಿಹೋಗಿ ನಡುವೆ ಏನೂ ಉಳಿಯುವುದಿಲ್ಲ. ನೀರಿನ ಕೆಳಗೆ ನಾನು ಬಳಸುವುದು ಪಾಲಿಯುರೆಥೇನ್. ಬಾತ್‌ರೂಮಿನ ಸಿಲಿಕೋನ್ ದಯವಿಟ್ಟು ಬೇಡ. ಅದು ಒಮ್ಮೆ ತಾಗಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ರೆಸಿನ್ನಾಗಲಿ ಸರಿಯಾಗಿ ಹಿಡಿಯುವುದಿಲ್ಲ. ಬಿಗಿ ಮಾಡುವಾಗ ಬೋಲ್ಟಿನ ತಲೆ ಅಲುಗದಂತೆ ಹಿಡಿದು ಒಳಗಿನ ನಟ್ ಮಾತ್ರ ತಿರುಗಿಸಿ. ತಲೆ ತಿರುಗಿದರೆ ಆ ಬಳೆಯೇ ಕಿತ್ತುಹೋಗುತ್ತದೆ.

ನನಗೆ ನಿಜಕ್ಕೂ ಚಿಂತೆಯಾಗುವುದು ಸಮಯದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಸಮುದ್ರವೂ ಒರಟು, ಹಾಗಾಗಿ ನಾಡದೋಣಿಗಳೂ ರಿಪೇರಿಗೆ ಬರುವುದು ಅದೇ ಸುರಿಯುವ ಮಳೆಯಲ್ಲಿ. ಒದ್ದೆ ಮರದ ಮೇಲೆ ಎಪಾಕ್ಸಿ ತುಂಬಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ಆ ಹುಡುಗನ ದೋಣಿಯ ಒಳಬದಿಯ ಫೈಬರ್ ಕತ್ತರಿಸಿ ತೆಗೆದು, ಕೊಳೆತದ್ದನ್ನೆಲ್ಲ ಬಾಚಿ, ಉಳಿದ ಮರಕ್ಕೆ ಟಾರ್ಪಾಲಿನ ಕೆಳಗೆ ಫ್ಯಾನ್ ಮತ್ತು ಬಲ್ಬ್ ಇಟ್ಟು ಒಣಗಿಸುವುದಕ್ಕೇ ಮೂರು ವಾರ ಹೋಯಿತು. ಸಾಧ್ಯವಿದ್ದವರು ಹೊಸ ಸಾಮಾನು ಕೂರಿಸುವ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಹಳೇ ಬ್ರಾಕೆಟ್ ತೆಗೆದ ಮೇಲೆ ಉಳಿದ ಖಾಲಿ ತೂತುಗಳನ್ನೂ ಆಗಲೇ ತುಂಬಿಸಿ.

ಅವನ ಸೆನ್ಸರನ್ನು ಈ ಸಲ ಹಲಗೆಗೆ ಹಾಕಲಿಲ್ಲ. ಅಂಗೈ ಅಗಲದ, ಒಂದು ಇಂಚು ದಪ್ಪದ ಗಟ್ಟಿ ಫೈಬರ್ ತುಂಡನ್ನು ಎಪಾಕ್ಸಿಯಿಂದ ಹಿಂಬದಿಗೆ ಅಂಟಿಸಿ, ಆ ತುಂಡಿನ ದಪ್ಪ ದಾಟದ ಗಿಡ್ಡ ಸ್ಕ್ರೂಗಳಲ್ಲಿ ಸೆನ್ಸರ್ ಕೂರಿಸಿದೆ. ಇನ್ನು ಅವನು ಯಂತ್ರ ಎಷ್ಟು ಸಲ ಬದಲಿಸಿದರೂ ಹಲಗೆಗೆ ಡ್ರಿಲ್ ತಾಗಬೇಕಾಗಿಲ್ಲ.