ಒಳ್ಳೆ ಗಾಳಿಯ ಕೊಡಗಿನಲ್ಲಿ ಲೈನ್‌ಮನೆಯ ಕೆಮ್ಮು

ಹವಾ ಬದಲಾವಣೆಗೆಂದು ಜನ ಕೊಡಗಿಗೆ ಬರುತ್ತಾರೆ. ಅದೇ ಕೊಡಗಿನಲ್ಲಿ ಕಾಫಿ ತೋಟದ ಆಳುಗಳಿರುವ ಲೈನ್‌ಮನೆಗಳಲ್ಲಿ ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆ ಹಿಡಿದರೆ ಕೆಮ್ಮೂ ಹಿಡಿಯುತ್ತದೆ. ದಿಣ್ಣೆಯ ಮೇಲಿನ ಮಾಲೀಕರ ಬಂಗಲೆಗೆ ಬೀಸುವ ಗಾಳಿ ತಗ್ಗಿನ ಲೈನಿಗೆ ಬೀಸುವುದಿಲ್ಲ. ತಣ್ಣನೆಯ ಗಾಳಿ ತಗ್ಗಿಗಿಳಿದು ಕೂತಾಗ ಬೆಳಗಿನ ಒಲೆಯ ಹೊಗೆಯೂ ಅಲ್ಲೇ ಕೂರುತ್ತದೆ.

ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1854ರಿಂದ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಆಳುಗಳಿಗೆಂದು ಒಂದೇ ಮಾಡಿನಡಿ ಸಾಲು ಕೋಣೆ ಕಟ್ಟಿದರು, ಅದೇ ಲೈನ್. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿಯನ್ನು ಮಾಲೀಕರ ಹೊಣೆ ಮಾಡಿತು. 1981ರ ತಿದ್ದುಪಡಿಯ ನಂತರವೂ, 2025ರಲ್ಲಿ ಆ ಕಾಯ್ದೆ ರದ್ದಾಗುವವರೆಗೆ, 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಗಿಂತ ಕಡಿಮೆಯ ತೋಟಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕೊಡಗಿನ ತೋಟಗಳಲ್ಲಿ ಹೆಚ್ಚಿನವು ಸಣ್ಣವೇ.

ಮಾಡಿನ ಕತೆ ಬೇರೆಯೇ ಇದೆ. ಹಳೇ ಹಂಚಿನ ಸಂದಿಯಲ್ಲಿ ಮಳೆ ಸೋರುತ್ತಿತ್ತು, ಆದರೆ ಹೊಗೆಯೂ ಅಲ್ಲೇ ಹೊರಗೆ ಹೋಗುತ್ತಿತ್ತು. ಸೋರದಿರಲಿ ಎಂದು ಹಂಚಿನಡಿ ಟಾರ್ಪಾಲ್ ಕಟ್ಟಿದರೆ ಹೊಗೆಗೆ ದಾರಿ ಮುಚ್ಚಿತು. ತಗಡಿನ ಶೀಟು ಹಾಕಿದರೆ ರಾತ್ರಿ ಒಳಗಿನ ಆವಿ ಅದರ ಕೆಳಗೆ ನೀರಾಗಿ ತೊಟ್ಟಿಕ್ಕಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಹಂಚು ಬೆಳಕು ಕೊಟ್ಟೀತು, ಗಾಳಿ ಕೊಡದು. ಒಲೆಗೆ ಬೀಳುವುದು ಹಸಿ ಸಿಲ್ವರ್ ಓಕ್, ಕಾಫಿ ಕಡ್ಡಿ. ಶಾಖದಲ್ಲಿ ಒಂದು ಪಾಲು ಸೌದೆಯ ನೀರಾರಿಸಲಿಕ್ಕೇ ಖರ್ಚಾಗಿ ಸೌದೆ ಪೂರ್ತಿ ಉರಿಯದೆ ಹೊಗೆಯಾಡುತ್ತದೆ. 2016ರ ಉಜ್ವಲ ಯೋಜನೆಯಿಂದ ಸಿಲಿಂಡರ್ ಬಂದ ಮನೆಯಲ್ಲೂ ಅದು ಚಹಾಕ್ಕಷ್ಟೇ. ಸ್ನಾನದ ನೀರು, ಬಟ್ಟೆ ಒಣಗಿಸುವುದು ಇನ್ನೂ ಬೆಂಕಿಯ ಮೇಲೆಯೇ.

ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಧೂಳು, ರೋಗಾಣುಗಳನ್ನು ಮೇಲಕ್ಕೆ ದೂಡುತ್ತವೆ. ಹೊಗೆ ಅವನ್ನು ಹಾಳುಗೆಡವುತ್ತದೆ. ಹಾಗಾಗಿ ಮಕ್ಕಳಿಗೆ ನ್ಯುಮೋನಿಯಾ, ಒಲೆ ಮುಂದೆ ಕೂರುವ ಹೆಂಗಸರಿಗೆ ಬೀಡಿ ಸೇದದೆಯೂ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ಕ್ಷಯ ಹರಡುವುದು ಒಂದೇ ಗಾಳಿಯನ್ನು ಹಲವರು ಹೊತ್ತುಗಟ್ಟಲೆ ಉಸಿರಾಡಿದಾಗ. ಕಿಟಕಿ ಮುಚ್ಚಿದ ಒಂಟಿ ಕೋಣೆಯಲ್ಲಿ ಐದಾರು ಮಂದಿ ಮಲಗಿದರೆ ಅದಕ್ಕೆ ಇನ್ನೇನು ಬೇಕು?

ದುಬಾರಿಯಲ್ಲದ ದುರಸ್ತಿಯೂ ಇದೆ: ಎದುರುಬದುರು ಗೋಡೆಯಲ್ಲಿ ಸೂರಿನ ಕೆಳಗೆ ಜಾಲರಿ ಕಿಂಡಿ, ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಹೊಗೆಕೊಳವೆ, ಬೇಸಿಗೆಯಲ್ಲೇ ಸೀಳಿ ಒಟ್ಟಿದ ಸೌದೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಹೊಗೆ ಮತ್ತೆ ಕೋಣೆಗೇ ತಿರುಗುತ್ತದೆ.

ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯವಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಆದರೆ ಕಾಫಿ ಕುಯ್ಲು ನವೆಂಬರ್‌ನಿಂದ ಫೆಬ್ರವರಿ–ಮಾರ್ಚ್‌ವರೆಗಷ್ಟೇ. ಕುಯ್ಲು ಮುಗಿದರೆ ಕೂಲಿಯವರು ಊರು ಬಿಡುತ್ತಾರೆ, ಮಾತ್ರೆ ನಡುವೆಯೇ ನಿಲ್ಲುತ್ತದೆ. ಹೊರಡುವ ಮುನ್ನ ಆಶಾ ಕಾರ್ಯಕರ್ತೆಗೆ ಹೋಗುವ ಊರಿನ ಹೆಸರು ಹೇಳಿದರೆ ನಿಕ್ಷಯ್ (ಕ್ಷಯರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆ) ನೋಂದಣಿಯನ್ನು ಅಲ್ಲಿಗೆ ವರ್ಗಾಯಿಸಿಕೊಡಬಹುದು.