ಮುಂಭಾರ ತೂಗಿ, ಆಮೇಲೆ ಹಿಚ್ ಕೇಳಿ

"ಯಾವ ಹಿಚ್ ತಗಳವು ಮಾವಾ?" ಅಂತ ಟೆಕ್ಸಾಸ್‌ನಿಂದ ತಂಗಿಯ ಮಗ ಫೋನ್ ಮಾಡಿದ್ದ. ಹೊಸದಾಗಿ ಟ್ರಾವೆಲ್ ಟ್ರೇಲರ್ ತಗೊಂಡಿದ್ದಾನೆ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಿಕ್ಕ ಮನೆ. ಅದನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯೇ ಹಿಚ್. ಹೆದ್ದಾರಿಯಲ್ಲಿ ದೊಡ್ಡ ಲಾರಿ ಪಕ್ಕದಲ್ಲೇ ಹಾದುಹೋದರೆ ಟ್ರೇಲರ್ ಬಾಲ ಆಡಿಸುತ್ತದಂತೆ. ಅದನ್ನು ತಡೆಯುವ ಸ್ವೇ ಕಂಟ್ರೋಲ್ ಹಿಚ್ ಅಲ್ಲಿ ಹತ್ತಾರು ಬಗೆ ಸಿಗುತ್ತದೆ. ಯಾವುದು ಒಳ್ಳೆಯದು ಅಂತ ಅವನ ಪ್ರಶ್ನೆ.

"ಮುಂಭಾರ ಎಷ್ಟಿದ್ದು?" ಅಂದೆ. ಆ ಕಡೆ ಮಾತೇ ಇಲ್ಲ.

ಎತ್ತಿನ ಗಾಡಿ ಹೊಡೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗಾಡಿ ಮುಂಭಾರವಾದರೆ ಎತ್ತಿನ ಹೆಗಲಿಗೆ ಕಷ್ಟ. ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಟ್ರೇಲರಿನ ಮೂತಿ ಎಳೆಯುವ ಗಾಡಿಯ ಹಿಂದಿನ ಬಾಲಿನ (ಮೂತಿ ಕೂರುವ ಕಬ್ಬಿಣದ ಗುಂಡಿನ) ಮೇಲೆ ಎಷ್ಟು ಭಾರ ಊರುತ್ತದೋ ಅದೇ ಅದರ ಮುಂಭಾರ. ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರಿಗೆ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮುಂಭಾರ ಇಡುತ್ತಾರೆ. ಯುರೋಪಿನಲ್ಲಿ ಕಾರವಾನ್ ಅನ್ನುವ ಇಂಥವೇ ಟ್ರೇಲರ್‌ಗಳಲ್ಲಿ ಇದು ಕಡಿಮೆ, ಶೇಕಡಾ 5ರಿಂದ 7. ಅಲ್ಲಿ ವೇಗವೂ ಕಡಿಮೆ. ಜರ್ಮನಿಯಲ್ಲಿ ಕಾರವಾನ್ ಎಳೆಯುವ ಕಾರಿಗೆ ಸಾಮಾನ್ಯ ಮಿತಿ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ 100.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಶಿರಸಿಯಲ್ಲಿ ನನ್ನದು ಟ್ರೇಲರ್ ಕಟ್ಟುವ ವರ್ಕ್‌ಶಾಪ್. ಹೆಚ್ಚಿನವು ಟ್ರ್ಯಾಕ್ಟರಿನವು, ಕಾರವಾರದ ಕಡೆಯಿಂದ ದೋಣಿ ಸಾಗಿಸುವವೂ ಬರುತ್ತವೆ. ಹನ್ನೆರಡು ವರ್ಷದ ಹಿಂದೆ ನನಗೇ ಅಂತ ಒಂದು ಮಲಗುವ ಟ್ರೇಲರ್ ಕಟ್ಟಿದ್ದೆ. ಖಾಲಿ ತೂಕ 900 ಕಿಲೋ, ಮುಂಭಾರ 90. ಬನವಾಸಿಗೆ ಹೋಗಿಬಂದೆ, ಹೂವಿನ ಹಾಗೆ ಬಂತು. ಆಮೇಲೆ ಹೆಂಡತಿ ಹೇಳಿದಳು ಅಂತ ಹಿಂದೆ ನೂರು ಲೀಟರಿನ ನೀರಿನ ಟ್ಯಾಂಕ್ ಕೂರಿಸಿದೆ.

ಟ್ಯಾಂಕ್ ತುಂಬಿಸಿಕೊಂಡು ದೇವಿಮನೆ ಘಟ್ಟ ಇಳಿದೆವು. ಏನೂ ಆಗಲಿಲ್ಲ. ಘಟ್ಟದಲ್ಲಿ ಸ್ಪೀಡೇ ಇರುವುದಿಲ್ಲ ಅಲ್ವಾ? ಕುಮಟಾ ದಾಟಿ ಹೊನ್ನಾವರದ ಕಡೆ 75ರಲ್ಲಿ ಹೋಗುವಾಗ ಬಸ್ಸೊಂದು ಓವರ್‌ಟೇಕ್ ಮಾಡಿತು. ಎಡ ಕನ್ನಡಿಯಲ್ಲಿ ಟ್ರೇಲರಿನ ಮೂಲೆ ಕಂಡಿತು. ಮರುಕ್ಷಣ ಬಲ ಕನ್ನಡಿಯಲ್ಲಿ. ಮತ್ತೆ ಎಡಕ್ಕೆ, ಈ ಸಲ ಇನ್ನೂ ಜಾಸ್ತಿ. ನಾನು ಬ್ರೇಕ್ ಒತ್ತಿದೆ. ಅದು ತಪ್ಪು. ಹಿಂದಿನ ಗಾಡಿ ಜೀಪನ್ನು ದೂಡತೊಡಗಿತು, ಓಲಾಟ ಇಮ್ಮಡಿಯಾಯಿತು. ಗಾಬರಿಯಲ್ಲಿ ಕಾಲು ತೆಗೆದೆ, ಸ್ಟೇರಿಂಗ್ ನೇರ ಹಿಡಿದು ಕೂತೆ. 50ಕ್ಕೆ ಇಳಿದ ಮೇಲೆ ತಾನಾಗಿಯೇ ಸುಮ್ಮನಾಯಿತು. ಟ್ರೇಲರಿಗೆ ಬೇರೆಯೇ ಬ್ರೇಕ್ ಸ್ವಿಚ್ ಇರುವವರು ಅದೊಂದನ್ನೇ ಕೈಯಲ್ಲಿ ಒತ್ತಬೇಕು, ಗಾಡಿಯದ್ದನ್ನಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಬಾಲಿನಿಂದ ಆಕ್ಸಲಿಗೆ 3 ಮೀಟರ್. ಟ್ಯಾಂಕ್ ಆಕ್ಸಲಿನಿಂದ ಒಂದೂವರೆ ಮೀಟರ್ ಹಿಂದೆ. ನೂರು ಲೀಟರ್ ನೀರು ಅಂದರೆ ನೂರು ಕಿಲೋ. ಅದು ಮೂತಿಯಿಂದ 50 ಕಿಲೋ ಎತ್ತಿಬಿಟ್ಟಿತ್ತು. 90 ಇದ್ದದ್ದು 40ಕ್ಕೆ ಇಳಿದಿತ್ತು, ಒಟ್ಟು ತೂಕ ಮಾತ್ರ ಸಾವಿರಕ್ಕೆ ಏರಿತ್ತು. ಶೇಕಡಾ 4. ಮುಂಭಾರ ಇಷ್ಟು ಕಡಿಮೆಯಾದದ್ದಕ್ಕೇ ಅದು ಓಲಾಡಿದ್ದು. ಇಂಥ ಗಾಡಿಗೆ ಯಾವ ಹಿಚ್ ಹಾಕಿದರೂ ರೋಗ ಮುಚ್ಚಿಟ್ಟ ಹಾಗೆ. ಟ್ಯಾಂಕನ್ನು ಆಕ್ಸಲಿನ ಮೇಲಕ್ಕೇ ತಂದೆ.

ತೂಗುವುದು ಸುಲಭ. ನಮ್ಮ ಕಡೆ ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ಯಂತ್ರ ಯಾರ ಮನೆಯಲ್ಲಿಲ್ಲ? ಸಮತಟ್ಟಾದ ಅಂಗಳದಲ್ಲಿ ಚಕ್ರಕ್ಕೆ ಕಲ್ಲು ಕೊಡಿ. ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ. ಜೀಪಿಗೆ ಸಿಕ್ಕಿಸಿದಾಗ ಮೂತಿ ಎಷ್ಟು ಎತ್ತರ ಇರುತ್ತದೋ ಅಷ್ಟೇ ಎತ್ತರದಲ್ಲಿ ಅದರ ಮೇಲೆ ಊರಿಸಿ. ಪ್ರವಾಸಕ್ಕೆ ಹೊರಟ ದಿನದ ಹಾಗೆ ನೀರು, ಗ್ಯಾಸ್, ಪಾತ್ರೆ ಎಲ್ಲ ತುಂಬಿರಬೇಕು. ಒಟ್ಟು ತೂಕಕ್ಕೆ ವೇಬ್ರಿಡ್ಜ್ ಇದ್ದೇ ಇದೆ.

ಇನ್ನು ಹಿಚ್. ಎಲ್ಲಕ್ಕಿಂತ ಅಗ್ಗದ್ದು ಫ್ರಿಕ್ಷನ್ ಬಾರ್. ಒಂದು ಪಟ್ಟಿ ಜಾರುತ್ತದೆ, ಪ್ಯಾಡ್ ಅದನ್ನು ಬಿಗಿಹಿಡಿಯುತ್ತದೆ. ಚಿಕ್ಕ ಟ್ರೇಲರಿಗೆ ಸಾಕು. ಆದರೆ ಮಳೆಯಲ್ಲಿ ಹಿಡಿತ ಕಡಿಮೆ. ರಿವರ್ಸ್ ಹಾಕುವ ಮೊದಲು ಕೆಳಗಿಳಿದು ಬಿಚ್ಚಬೇಕು, ಮರೆತರೆ ಬಾರ್ ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಊರಲ್ಲಿ ನಾನಂತೂ ಇದನ್ನು ಹಾಕಲಾರೆ.

ಎರಡನೆಯದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಎರಡು ಗಟ್ಟಿ ಸ್ಪ್ರಿಂಗ್ ಬಾರ್‌ಗಳು ಸನ್ನೆಕೋಲಿನ ಹಾಗೆ ಕೆಲಸ ಮಾಡಿ, ಗಾಡಿಯ ಹಿಂದಿನ ಚಕ್ರದ ಮೇಲಿನ ಭಾರವನ್ನು ಮುಂದಿನ ಚಕ್ರಕ್ಕೂ ಟ್ರೇಲರಿನ ಚಕ್ರಕ್ಕೂ ಹಂಚುತ್ತವೆ. ಹಲವರು ಇಲ್ಲೇ ಮೋಸಹೋಗುವುದು. ಭಾರ ಹಂಚುವುದು ಬೇರೆ, ಓಲಾಟ ತಡೆಯುವುದು ಬೇರೆ. ಎರಡೂ ಒಂದರಲ್ಲೇ ಇರುವುದನ್ನು ಕೇಳಿ ತಗೊಳ್ಳಬೇಕು. ಈಕ್ವಲೈಜರ್‌ನಂಥ ಫೋರ್ ಪಾಯಿಂಟ್ ಹಿಚ್ ನಾಲ್ಕು ಕಡೆ ಉಜ್ಜಿ ಹಿಡಿಯುತ್ತದೆ. ರೀಸ್ ಕಂಪನಿಯ ಡ್ಯುಯಲ್ ಕ್ಯಾಮ್ ಟ್ರೇಲರನ್ನು ನೇರಕ್ಕೆ ವಾಪಸ್ ತಳ್ಳುತ್ತದೆ. ಹೆನ್ಸ್ಲಿ ಬಗೆಯದ್ದು ಇನ್ನೂ ಜಾಣ. ಟ್ರೇಲರ್ ತಿರುಗುವ ಬಿಂದುವನ್ನೇ ಎಳೆಯುವ ಗಾಡಿಯ ಹಿಂದಿನ ಆಕ್ಸಲಿನ ಹತ್ತಿರಕ್ಕೆ ಒಯ್ದ ಹಾಗೆ ಮಾಡುತ್ತದೆ. ದುಬಾರಿ, ಭಾರವೂ ಜಾಸ್ತಿ.

ಬಾರ್‌ಗಳನ್ನು ಅಳತೆ ಮಾಡಿದ ಮುಂಭಾರಕ್ಕೆ ಸರಿಯಾಗಿ ಆರಿಸಿ. ಎಳೆಯುವ ಗಾಡಿಯ ಹಿಂದಿನ ಡಿಕ್ಕಿಯಲ್ಲಿ ಹೇರುವ ಸಾಮಾನನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡದೇ ಇರಲಿ ಅಂತ ವಿಪರೀತ ಗಟ್ಟಿ ಬಾರ್ ಹಾಕಿದರೆ ಟ್ರೇಲರ್ ಕುಕ್ಕುತ್ತದೆ. ಹಿಚ್ ರಿಸೀವರಿನ (ಗಾಡಿಯ ಹಿಂದೆ ಹಿಚ್ ತೂರಿಸುವ ಚೌಕ ಕೊಳವೆಯ) ಸ್ಟಿಕ್ಕರಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಿತಿ ಇರುತ್ತವೆ, ಭಾರ ಹಂಚುವ ಹಿಚ್ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಕಟ್ಟಿದ ಮೇಲೆ ಎಳೆಯುವ ಗಾಡಿಯ ಮುಂದಿನ ಚಕ್ರದ ಕಮಾನಿನ ಎತ್ತರ ಅಳೆಯಿರಿ. ಟ್ರೇಲರ್ ಇಲ್ಲದಾಗ ಎಷ್ಟಿತ್ತೋ ಅದಕ್ಕೆ ಹತ್ತಿರ ಬರಬೇಕು, ಅದಕ್ಕಿಂತ ಕೆಳಗೆ ಹೋಗಬಾರದು.

ನಮ್ಮ ಊರಿಗೆ? ನನ್ನ ಮತ ಯುರೋಪಿನ ಬಾಲ್ ಹಿಡಿಯುವ ಸ್ಟೆಬಿಲೈಜರ್ ಕಡೆಗೆ. ಆಲ್ಕೋ, ವಿಂಟರ್‌ಹಾಫ್ ಇಂಥವನ್ನು ಮಾಡುತ್ತವೆ. ಟ್ರೇಲರಿನ ಮೂತಿಯ ಕಪ್ಲರಿನೊಳಗಿನ (ಬಾಲಿನ ಮೇಲೆ ಕೂರುವ ಟೊಪ್ಪಿಯೊಳಗಿನ) ಪ್ಯಾಡ್‌ಗಳು 50 ಮಿಲಿಮೀಟರ್ ಬಾಲನ್ನು ಒತ್ತಿ ಹಿಡಿಯುತ್ತವೆ. ಕೆಳಗೆ ಜೋತುಬೀಳುವ ಬಾರ್ ಇಲ್ಲ, ರಸ್ತೆಯ ಹಂಪ್‌ಗಳಿಗೆ ತಾಗುವುದಿಲ್ಲ. ರಿವರ್ಸಿಗೆ ಬಿಚ್ಚುವುದೂ ಬೇಡ. ಬಾಲಿನ ಕುತ್ತಿಗೆ ಮಾತ್ರ ಉದ್ದ ಇರಬೇಕು. ಮತ್ತೆ ಗ್ರೀಸ್! ನಮ್ಮ ಹುಡುಗರಿಗೆ ಬಾಲ್ ಕಂಡರೆ ಗ್ರೀಸ್ ಬಳಿಯುವ ಚಟ. ಇಲ್ಲಿ ಒಂದು ಹನಿ ತಾಗಿದರೂ ಹಿಡಿತ ಹೋಯಿತು. ಹೊಸ ಬಾಲಿನ ಪೇಂಟನ್ನೂ ಉಜ್ಜಿ ತೆಗೆಯಬೇಕು. ಕಾರವಾರದ ಉಪ್ಪುಗಾಳಿಗೆ ಬಾಲ್ ಎರಡೇ ದಿನದಲ್ಲಿ ಕೆಂಪಗಾಗುತ್ತದೆ, ಸಿಕ್ಕಿಸುವ ಮೊದಲು ಎಮರಿ ಪೇಪರಿನಿಂದ ತಿಕ್ಕಿ. ಇನ್ನೊಂದು ಮಾತು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಎಳೆಯುವ ಮಿತಿ ಬರೆದಿಲ್ಲ ಅಂದರೆ ನನ್ನ ಹತ್ತಿರ ಹಿಚ್ ಹಾಕಿಸಲು ಬರಬೇಡಿ, ನಾನು ಹಾಕುವುದಿಲ್ಲ.

ಅಳಿಯ ಮೊನ್ನೆ ತೂಕದ ಫೋಟೋ ಕಳಿಸಿದ್ದ. ಒಟ್ಟು 5,200 ಪೌಂಡ್, ಅಂದರೆ ಸುಮಾರು 2,360 ಕಿಲೋ. ಮುಂಭಾರ ಬರೀ 390 ಪೌಂಡ್. ಹಿಂದಿನ ಬಂಪರಿಗೆ ಮಕ್ಕಳ ಸೈಕಲ್ ಸ್ಟ್ಯಾಂಡ್ ಕಟ್ಟಿದ್ದ! ಅದನ್ನು ಬಿಚ್ಚಿಸಿದೆ, ಡಬ್ಬಿ ಸಾಮಾನೆಲ್ಲ ಮುಂದಿನ ಕಪಾಟಿಗೆ ಹಾಕಿಸಿದೆ. ಈಗ 560 ತೋರಿಸುತ್ತಿದೆ. ಫೋರ್ ಪಾಯಿಂಟ್ ಹಿಚ್ ಆರ್ಡರ್ ಮಾಡಿದ್ದಾನೆ. ಸೈಕಲ್ ಎಲ್ಲಿ ಇಡುವುದು ಅಂತ ಮಕ್ಕಳು ಇನ್ನೂ ಜಗಳ ಆಡುತ್ತಿದ್ದಾರಂತೆ.