ದೊಡ್ಡ ಬ್ಯಾಂಡ್‌ಗಳು, ಬೇಸರ ತಂದ ಆಲ್ಬಂಗಳು: ಎಡವಿದ್ದು ಎಲ್ಲಿ?

ಮೈಸೂರಿನಲ್ಲಿ ಹೆವಿ ಮೆಟಲ್ (ಅಬ್ಬರದ ಗಿಟಾರಿನ ರಾಕ್ ಸಂಗೀತ) ಕೇಳುವ ನಾಲ್ಕು ಜನ ಟೀ ಅಂಗಡಿ ಮುಂದೆ ಸೇರಿದರೆ ಸಾಕು, ಮಾತು ಅಮೆರಿಕದ ಬ್ಯಾಂಡ್ ಮೆಟಾಲಿಕಾದ ‘ಸೇಂಟ್ ಆಂಗರ್’ಗೆ ಬಂದೇ ಬರುತ್ತದೆ. 2003ರ ಜೂನ್‌ನಲ್ಲಿ ಬಂದ ಆಲ್ಬಂ ಅದು. ಇಪ್ಪತ್ತು ವರ್ಷ ದಾಟಿದರೂ ಅದರ ಮೇಲಿನ ಸಿಟ್ಟು ಇಳಿದಿಲ್ಲ. ಆಗಿನ್ನೂ ಹುಟ್ಟದೇ ಇದ್ದ ಹುಡುಗರೂ ಬೈಯುತ್ತಾರೆ.

ಬೈಯುವುದು ಸುಲಭ ಬಿಡಿ. ಕೈಯಲ್ಲಿ ದುಡ್ಡು, ಒಳ್ಳೆಯ ಸ್ಟುಡಿಯೋ, ಬೇಕಾದಷ್ಟು ಸಮಯ ಎಲ್ಲಾ ಇದ್ದೂ ಇಂಥ ಬ್ಯಾಂಡ್‌ಗಳು ಯಾಕೆ ಎಡವುತ್ತವೆ? ಹಿಂದಿನಿಂದ ಒಂದೊಂದೇ ನೋಡಿಕೊಂಡು ಬಂದರೆ ನನಗೆ ಕಾಣುವುದು ಇಷ್ಟು: ಪ್ರತಿಭೆ ಬತ್ತಿ ಕೆಟ್ಟ ಆಲ್ಬಂ ಬಂದದ್ದು ಕಡಿಮೆ. ಕಾಲದ ಗಾಳಿ ತಿರುಗಿದಾಗ ಗಾಬರಿಯಾಗಿ ಮಾಡಿದ್ದೇ ಜಾಸ್ತಿ.

1986ರಲ್ಲಿ ಜುಡಾಸ್ ಪ್ರೀಸ್ಟ್ ‘ಟರ್ಬೊ’ ತಂದಾಗ ಎಲ್ಲೆಲ್ಲೂ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಕಾಲ. ಇವರೂ ಗಿಟಾರ್ ಸಿಂಥಸೈಜರ್ ಹಿಡಿದರು. ಹಳೆಯ ಅಭಿಮಾನಿಗಳು ಮುಖ ತಿರುಗಿಸಿದರು. ಅಮೆರಿಕದಲ್ಲಿ ಮಾತ್ರ 10 ಲಕ್ಷ ಪ್ರತಿ ದಾಟಿತು. ಹಾಡುಗಳಲ್ಲಿ ಖುಷಿ ಇದೆ, ಹಾಗಾಗಿ ಅದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ.

ನಿಜವಾದ ಬಿರುಗಾಳಿ ಬೀಸಿದ್ದು 1991ರಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿರ್ವಾಣದ ‘ನೆವರ್‌ಮೈಂಡ್’ ಬಂತು. ಗ್ರಂಜ್ ಅನ್ನುವ ಒರಟು ಸದ್ದಿನ ರಾಕ್ ಶೈಲಿ ಮೇಲೆದ್ದಿತು. ಉದ್ದ ಕೂದಲು, ಉದ್ದ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ), ಭೂತ ಪಿಶಾಚಿಗಳ ಕವರ್ ಚಿತ್ರ ಎಲ್ಲಾ ಒಮ್ಮೆಲೇ ಹಳತಾಗಿ ಕಂಡವು. ಐರನ್ ಮೇಡನ್‌ಗೆ ಇದರ ಜೊತೆಗೇ ಇನ್ನೊಂದು ಪೆಟ್ಟು ಬಿತ್ತು. 1993ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಬ್ಯಾಂಡ್ ಬಿಟ್ಟರು. ಅವರ ಜಾಗಕ್ಕೆ ಬಂದ ಬ್ಲೇಜ್ ಬೇಲಿಯದು ತಗ್ಗಿನ ದನಿ. ಡಿಕಿನ್ಸನ್ ಮುಗಿಲಿಗೆ ಏರಿಸುತ್ತಿದ್ದ ಹಳೆಯ ಹಾಡುಗಳನ್ನು ವೇದಿಕೆ ಮೇಲೆ ಅದೇ ಶ್ರುತಿಯಲ್ಲಿ ಹಾಡು ಅಂದರೆ ಯಾರಿಂದ ಆಗುತ್ತದೆ? 1995ರ ‘ದ ಎಕ್ಸ್ ಫ್ಯಾಕ್ಟರ್’, 1998ರ ‘ವರ್ಚುವಲ್ ಇಲೆವೆನ್’ ಎರಡರ ಭಾರವನ್ನೂ ಜನ ಅವರೊಬ್ಬರ ತಲೆಗೆ ಕಟ್ಟಿದರು.

ಮೈಸೂರಿನ ನಮಗೆ ಈ ಇಳಿಜಾರು ಹಂತಹಂತವಾಗಿ ಕಾಣಲೇ ಇಲ್ಲ. ಇಲ್ಲಿಗೆ ಮೆಟಲ್ ಬಂದದ್ದು ತಡವಾಗಿ, ಅದೂ ಹಿಂದುಮುಂದಾಗಿ. ಯಾರದೋ ಅಣ್ಣ ಬೆಂಗಳೂರಿನಿಂದ ತಂದ ಕ್ಯಾಸೆಟ್ಟು ಸರಸ್ವತಿಪುರಂ ಮನೆಗಳಿಂದ ಇಂಜಿನಿಯರಿಂಗ್ ಹಾಸ್ಟೆಲುಗಳಿಗೆ ಕೈ ಬದಲಾಯಿಸುತ್ತಿತ್ತು. ಖಾಲಿ ಕ್ಯಾಸೆಟ್ಟಿಗೆ ಅದನ್ನು ತುಂಬಿಸಿಕೊಳ್ಳುತ್ತಿದ್ದೆವು. ನನ್ನ ಹತ್ತಿರ ಇದ್ದ 90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 1982ರ ‘ದ ನಂಬರ್ ಆಫ್ ದ ಬೀಸ್ಟ್’, ಇನ್ನೊಂದು ಬದಿಗೆ ‘ವರ್ಚುವಲ್ ಇಲೆವೆನ್’. ಎರಡನೆಯದು 50 ನಿಮಿಷಕ್ಕೂ ಉದ್ದ. ಒಂದು ಬದಿಯ 45 ನಿಮಿಷಕ್ಕೆ ಹಿಡಿಯದೆ ಕೊನೆಯ ಹಾಡು ಬಿಟ್ಟೇ ಹೋಗಿತ್ತು. ಹದಿನಾರು ವರ್ಷದ ಅಂತರವನ್ನು ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ದಾಟಿದರೆ ಎದೆ ಧಸಕ್ ಅನ್ನುತ್ತದೆ. ಸುಮಾರು ಹತ್ತು ನಿಮಿಷದ ‘ದಿ ಏಂಜೆಲ್ ಅಂಡ್ ದ ಗ್ಯಾಂಬ್ಲರ್’ನಲ್ಲಿ ಒಂದೇ ಸಾಲು ಮತ್ತೆ ಮತ್ತೆ, ಮತ್ತೆ ಮತ್ತೆ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಗೆಳೆಯ, ‘ಟೇಪ್ ಸಿಕ್ಕಿಹಾಕಿಕೊಂಡಿದೆಯಾ ನೋಡು ಗುರು’ ಅಂದಿದ್ದ.

ಆದರೆ ಅದೇ ಎರಡು ಆಲ್ಬಂಗಳಲ್ಲಿ ‘ಸೈನ್ ಆಫ್ ದ ಕ್ರಾಸ್’, ‘ದ ಕ್ಲ್ಯಾನ್ಸ್‌ಮನ್’ ಇವೆ. ಡಿಕಿನ್ಸನ್ 1999ರಲ್ಲಿ ವಾಪಸ್ ಬಂದ ಮೇಲೆ ಈ ಎರಡನ್ನೂ ಹಾಡಿದರು. 2001ರ ರಿಯೋ ಕಛೇರಿಯ ರೆಕಾರ್ಡಿಂಗಿನಲ್ಲಿ ಕೇಳಿ, ಮೈ ಜುಮ್ಮೆನ್ನುತ್ತದೆ. ಹಾಡಿನಲ್ಲಿ ದೋಷ ಇರಲಿಲ್ಲ. ಬೇಲಿಗೆ ಅನ್ಯಾಯ ಆಯಿತು ಅಂತ ನಾನು ಈಗಲೂ ವಾದ ಮಾಡುತ್ತೇನೆ.

ಮೆಗಾಡೆತ್ ಎಡವಿದ್ದು 1999ರ ‘ರಿಸ್ಕ್’ನಲ್ಲಿ. ಬ್ಯಾಂಡಿನ ಮುಖ್ಯಸ್ಥ ಡೇವ್ ಮಸ್ಟೇನ್ ಇನ್ನಷ್ಟು ರಿಸ್ಕ್ ತೆಗೆದುಕೊಳ್ಳಬೇಕು ಅಂತ ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದ್ದರಿಂದಲೇ ಆ ಹೆಸರು ಬಂತು. 1983ರಲ್ಲಿ ತಮ್ಮನ್ನು ಹೊರಗೆ ಹಾಕಿದ ಮೆಟಾಲಿಕಾದವರ ಮಾತು ಮಸ್ಟೇನ್‌ಗೆ ಅಷ್ಟು ತಟ್ಟಿತ್ತು. ರೇಡಿಯೋಗೆ ಒಗ್ಗುವಂತೆ ಹಾಡುಗಳ ಹಲ್ಲು ಕಿತ್ತರು. ರೇಡಿಯೋದವರು ಪೂರ್ತಿ ಸಿಗಲಿಲ್ಲ, ಹಳಬರೂ ಕೈಬಿಟ್ಟರು.

ಕಾಲಕ್ಕೆ ಬಗ್ಗುವ ವಿಷಯ ಬಂದಾಗ ನಮ್ಮೂರಿನ ಒಂದು ಸಂಗತಿ ಹೇಳಲೇಬೇಕು. ರಷ್ಯಾದ ಪಿಯಾನೋ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಕಾಲದ ಹೊಸ ಶೈಲಿಗಳನ್ನು ಒಪ್ಪದೆ ಮೂಲೆಗುಂಪಾಗಿದ್ದರು. 1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಅವರ ಕೃತಿಗಳ ರೆಕಾರ್ಡಿಂಗಿಗೆ ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಆ ರೆಕಾರ್ಡುಗಳನ್ನು ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ.

ಇನ್ನು ‘ಸೇಂಟ್ ಆಂಗರ್’. 2001ರ ಜನವರಿಯಲ್ಲಿ ಬೇಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬ್ಯಾಂಡ್ ಬಿಟ್ಟರು. ಅದೇ ವರ್ಷ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಹೋದರು. ವಾಪಸ್ ಬಂದ ಮೇಲೆ ಅವರು ದಿನಕ್ಕೆ ಕೆಲಸ ಮಾಡುತ್ತಿದ್ದದ್ದು ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ. ಜಗಳ ಬಿಡಿಸಲು ತಿಂಗಳಿಗೆ 40,000 ಡಾಲರ್ ಕೊಟ್ಟು ಒಬ್ಬ ಸಲಹೆಗಾರನನ್ನು ಇಟ್ಟುಕೊಂಡಿದ್ದರು. ಬೇಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಈ ಪಾಡನ್ನೆಲ್ಲ 2004ರ ಸಾಕ್ಷ್ಯಚಿತ್ರದಲ್ಲಿ ಅವರೇ ತೆರೆದು ತೋರಿಸಿದರು. ಆ ಧೈರ್ಯಕ್ಕೆ ನನಗೆ ಗೌರವ ಇದೆ.

ಜನರ ಸಿಟ್ಟು ಮುಖ್ಯವಾಗಿ ಡ್ರಮ್ಮಿನ ಮೇಲೆ. ಸ್ನೇರ್ ಡ್ರಮ್ಮಿನ ತಳದ ಹೊದಿಕೆಗೆ ತಾಗಿಕೊಂಡು ತೆಳ್ಳನೆಯ ತಂತಿಗಳ ಸಾಲು ಇರುತ್ತದೆ. ಪಕ್ಕದಲ್ಲಿ ಬೆರಳಷ್ಟು ಉದ್ದದ ಲಿವರ್. ಅದನ್ನು ಹಾಕಿದರೆ ತಂತಿ ಬಿಗಿಯಾಗಿ ಪೆಟ್ಟು ‘ಛಟ್’ ಅಂತ ಅಲ್ಲೇ ಮುಗಿಯುತ್ತದೆ. ತೆಗೆದರೆ ಡ್ರಮ್ಮಿನ ಹೊಟ್ಟೆಯ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತದೆ. ಉಲ್ರಿಕ್ ಒಂದು ದಿನ ಲಿವರ್ ಹಾಕಲು ಮರೆತರು. ಕೇಳಿದರೆ ಹಿಡಿಸಿತು. ಹಾಗೇ ಬಿಟ್ಟರು. ಖಾಲಿ ಬಿಂದಿಗೆಗೆ ಸೌಟಿನಿಂದ ಹೊಡೆದಂಥ ಆ ಸದ್ದು 75 ನಿಮಿಷ ನಡೆಯುತ್ತದೆ.

ನನ್ನನ್ನು ಕೇಳಿದರೆ ಡ್ರಮ್ಮಿಗಿಂತ ದೊಡ್ಡ ನಷ್ಟ ಗಿಟಾರ್ ಸೋಲೋ. ಆಗ ನು-ಮೆಟಲ್ ಅನ್ನುವ ಹೊಸ ಶೈಲಿಯ ಅಬ್ಬರ, ಸೋಲೋ ಅಂದರೆ ಹಳೇ ಫ್ಯಾಷನ್. 11 ಹಾಡಿನಲ್ಲಿ ಒಂದರಲ್ಲೂ ಇಡಲಿಲ್ಲ. ಸೋಲೋ ನುಡಿಸುವ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಒಬ್ಬರೇ ವಾದ ಮಾಡಿದರು. ಸೋಲೋ ತೆಗೆದರೆ ಆಲ್ಬಂ ಇದೇ ಕಾಲಕ್ಕೆ ಅಂಟಿಕೊಂಡುಬಿಡುತ್ತದೆ ಅನ್ನುವುದು ಅವರ ಮಾತಾಗಿತ್ತು. ಅವರು ಹೇಳಿದ ಹಾಗೇ ಆಯಿತು. ಆಲ್ಬಂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು, ಹೆಸರಿನ ಹಾಡಿಗೆ ಗ್ರ್ಯಾಮಿ ಬಂತು. ಆದರೂ ಕೇಳಿದೊಡನೆ 2003 ಅಂತ ಗೊತ್ತಾಗುತ್ತದೆ.

2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಸೋಲೋ ವಾಪಸ್ ಬಂತು. ಆದರೆ ಆಗ ಎಲ್ಲರಿಗೂ ಸದ್ದು ಜೋರಾಗಿಸುವ ಪೈಪೋಟಿ. ಎಷ್ಟು ಜೋರು ಅಂದರೆ ದನಿ ಒಡೆಯುತ್ತಿತ್ತು. ಗಿಟಾರ್ ಹೀರೋ ಅನ್ನುವ ವಿಡಿಯೋ ಆಟದಲ್ಲಿ ಬಂದ ಅದೇ ಹಾಡುಗಳು ಸಿ.ಡಿ.ಗಿಂತ ಚೊಕ್ಕವಾಗಿ ಕೇಳಿಸಿದವು!

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಮೈಸೂರು, ಮಂಡ್ಯದಿಂದ ರೈಲು ಹತ್ತಿ ಹೋದವರಿಗೆ ಅದು ಹಬ್ಬ. ಮರುದಿನವೇ ಹಿರಿಯ ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ ‘ಲುಲು’ ಬಿಡುಗಡೆ. ಕುಣಿದು ಬಂದ ಕಾಲು ನೋವು ಹೋಗುವ ಮೊದಲೇ ಅದನ್ನು ಕೇಳಿದವರ ಗೊಂದಲ ಹೇಳತೀರದು. ಆದರೆ ‘ಲುಲು’ವನ್ನು ಮೇಲಿನವುಗಳ ಸಾಲಿಗೆ ನಾನು ಸೇರಿಸಲಾರೆ. ಮಾರುಕಟ್ಟೆ ನೋಡಿಕೊಂಡು ಯಾರೂ ಅಂಥ ಆಲ್ಬಂ ಮಾಡುವುದಿಲ್ಲ.

ಬ್ಲ್ಯಾಕ್ ಸಬ್ಬತ್‌ನ ‘ಫರ್ಬಿಡನ್’ ಬೇರೆ ಕಥೆ. ರ‍್ಯಾಪ್ ಮತ್ತು ಮೆಟಲ್ ಬೆರೆಯುತ್ತಿದ್ದ 1995ರಲ್ಲಿ ಬಾಡಿ ಕೌಂಟ್ ಬ್ಯಾಂಡಿನ ಎರ್ನಿ ಸಿ ಕೈಗೆ ನಿರ್ಮಾಣ ಕೊಟ್ಟರು. ಮೊದಲ ಹಾಡಿನಲ್ಲಿ ಅದೇ ಬ್ಯಾಂಡಿನ ಗಾಯಕ ಐಸ್-ಟಿ ದನಿಯೂ ಇದೆ. ಕೋಜಿ ಪೊವೆಲ್‌ರಂಥ ಡ್ರಮ್ಮರ್ ಇದ್ದೂ ಸದ್ದು ಒಣಗಿಹೋಗಿತ್ತು. ಮುಂದಿನ ಸ್ಟುಡಿಯೋ ಆಲ್ಬಂಗೆ ಜನ 2013ರವರೆಗೆ ಕಾಯಬೇಕಾಯಿತು. ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ ‘ಫರ್ಬಿಡನ್’ ಅನ್ನು ಮರೆಯಲಿಲ್ಲ. ಹೊಸದಾಗಿ ಮಿಕ್ಸ್ ಮಾಡಿ 2024ರಲ್ಲಿ ಮತ್ತೆ ಹೊರತಂದರು. ಗಿಟಾರ್ ಮೈದುಂಬಿದೆ, ಡ್ರಮ್ಮಿಗೆ ಜೀವ ಬಂದಿದೆ. ಹಳೆಯದನ್ನು ಕೇಳಿ ಬಿಟ್ಟವರು ಇದರಲ್ಲಿ ಮೊದಲು ‘ಕಿಸ್ ಆಫ್ ಡೆತ್’ ಹಾಡು ಹಾಕಿಕೊಳ್ಳಿ.